ಬಾವಿಗೆ ಬೀಗ ಹಾಕಿದ ಗುರುವಪ್ಪ

ಗುರುವಪ್ಪ ಯಾರಿಗೂ ಅನ್ಯಾಯ ಮಾಡಿದವನಲ್ಲ. ಈ ಮಾತನ್ನು ಹೆಚ್ಚಾಗಿ ಹೇಳುತ್ತಿದ್ದವನು ಗುರುವಪ್ಪನೇ.

ಕುಶಾಲನಗರದಿಂದ ಮಾದಾಪುರದ ಕಡೆಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ ಮೂಡ್ಲಹಕ್ಕಲು. ಹನ್ನೆರಡು ಮನೆ. ಎಲ್ಲರೂ ಹಾಸನ, ಮೈಸೂರು ಸೀಮೆ ಬಿಟ್ಟು ಬಂದು ಕುರುಚಲು ಕಡಿದು ರಾಗಿ, ಹುರುಳಿ ಬಿತ್ತಿಕೊಂಡವರು. ಅರಕಲಗೂಡಿನ ಕಡೆಯಿಂದ ಬಂದ ಗುರುವಪ್ಪನಿಗೆ ಇವರಲ್ಲಿ ಸ್ವಲ್ಪ ಹೆಚ್ಚು ನೆಲ, ಸ್ವಲ್ಪ ಹೆಚ್ಚು ದನ, ಮತ್ತು ಹಕ್ಕಲಿನಲ್ಲಿ ಬೇಸಿಗೆಗೂ ಬತ್ತದ ಒಂದೇ ಬಾವಿ ಇತ್ತು. ಹಕ್ಕಲು ದಾಟಿದರೆ ಒಂದು ಕಾಫಿ ಎಸ್ಟೇಟಿನ ಬೇಲಿ. ಬೇಲಿಯ ಪಕ್ಕ ಕೂಲಿಯವರ ಸಾಲುಮನೆಗಳು, ಲೈನು.

ಆ ಬಾವಿಯನ್ನು ಅವನೊಬ್ಬನೇ ತೋಡಿದ್ದಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಮನೆಗೊಬ್ಬರಂತೆ ಬಂದು ಎರಡು ಬೇಸಿಗೆ ಮಣ್ಣು ಎತ್ತಿದರು. ಅವನೂ ಅವರವರ ಹೊಲದಲ್ಲಿ ಅಷ್ಟಷ್ಟು ದಿನ ದುಡಿದು ಮುಯ್ಯಿ ತೀರಿಸಿದ. ಮೂವತ್ತಾರನೇ ಅಡಿಗೆ ಬಂಡೆ ಸಿಕ್ಕಿ ಎಲ್ಲರೂ ಕೈಬಿಟ್ಟಾಗ ಲೈನಿನ ಜವರಯ್ಯ ಹಗ್ಗ ಹಿಡಿದು ಇಳಿದು ಒಂಬತ್ತು ದಿನ ಉಳಿ ಹೊಡೆದ. ಹತ್ತನೇ ದಿನ ಅವನ ಕಾಲ ಬೆರಳ ಸಂದಿನಲ್ಲಿ ನೀರು ಎದ್ದಿತು. ಅವನನ್ನು ಮೇಲೆತ್ತಿದರು, ಎಲೆಯಡಿಕೆ ಕೊಟ್ಟರು, ಬಾವಿಗೆ ಅರಿಶಿನ ನೀರು ಹಾಕಿ ಶುದ್ಧಿ ಮಾಡಿದರು. ಆಮೇಲೆ ಜವರಯ್ಯನಾಗಲಿ, ಅವನ ಹೆಂಡತಿ ಕಾಳಮ್ಮನಾಗಲಿ ಆ ಬಾವಿಯ ಕಟ್ಟೆ ಮುಟ್ಟಲಿಲ್ಲ. ಹಾಗೆ ಮುಟ್ಟಗೊಡದಿರುವುದು ಅಪರಾಧ ಎಂದು ದೆಹಲಿಯಲ್ಲಿ ಸಂವಿಧಾನದಲ್ಲೇ ಬರೆದಾಗಿತ್ತು. ಮೂಡ್ಲಹಕ್ಕಲಿಗೆ ಬಸ್ಸು ಇರಲಿಲ್ಲ.

ಮಡಿಕೇರಿಯಲ್ಲಿ ಕೊಡಗಿಗೇ ಅಂತ ಒಂದು ಸರ್ಕಾರ ಬಂದ ಮರುವರ್ಷ ಹಕ್ಕಲಿನವರು ಒಂದು ಸರ್ಕಾರಿ ಬಾವಿ ಬೇಕೆಂದು ಅರ್ಜಿ ಹಾಕಿದರು. ನೋಡಿಕೊಂಡು ಹೋಗಲು ಒಬ್ಬ ಅಧಿಕಾರಿ ಬಂದ. ಗುರುವಪ್ಪ ಅವನನ್ನು ಮನೆಗೆ ಕರೆದು, ತನ್ನ ಬಾವಿಯ ನೀರನ್ನೇ ಸೇದಿ ಬೆಲ್ಲದ ಜೊತೆ ಕೊಟ್ಟು, "ನಮ್ಮೂರಲ್ಲಿ ನೀರಿಗೇನೂ ತಾಪತ್ರಯ ಇಲ್ಲ ಸ್ವಾಮಿ, ಈ ಜನಕ್ಕೆ ಅರ್ಜಿ ಬರೆಯೋದು ಒಂದು ಚಟ" ಎಂದ. ಅಧಿಕಾರಿ ನೀರು ಕುಡಿದ, ಚೆನ್ನಾಗಿದೆ ಎಂದ, ಹೊರಟುಹೋದ. ಸರ್ಕಾರಿ ಬಾವಿ ಬಂದರೆ ತನ್ನ ಬಾವಿ ಬರೀ ಒಂದು ಬಾವಿಯಾಗುತ್ತದೆ ಎಂಬುದು ಗುರುವಪ್ಪನಿಗೆ ಗೊತ್ತಿತ್ತು.

1954ರಲ್ಲಿ ಮಾರ್ಚ್ ಮುಗಿಯುತ್ತ ಬಂದರೂ ಹೂಮಳೆ ಬೀಳಲಿಲ್ಲ. ಎಸ್ಟೇಟಿನ ಕಾಫಿ ಗಿಡಗಳಲ್ಲಿ ಮೊಗ್ಗು ಒಣಗಿ ನಿಂತವು. ಹಕ್ಕಲಿನ ಉಳಿದ ಎರಡು ಬಾವಿಗಳಲ್ಲಿ ಕಪ್ಪೆ ಸತ್ತ ವಾಸನೆ. ಹೊಳೆ ಒಂದೂವರೆ ಮೈಲಿ ದೂರ. ಅಲ್ಲೂ ಬಂಡೆಗಳ ನಡುವೆ ನಿಂತ ಗುಂಡಿಗಳಷ್ಟೇ. ಗುರುವಪ್ಪ ಫೆಬ್ರವರಿಯ ಮೊದಲಲ್ಲೇ ಮನೆಗೆ ಎರಡು ಕೊಡ ಎಂದಿದ್ದ. ವಾರ ಕಳೆದು ಒಂದು ಕೊಡ ಎಂದ. ಆಮೇಲೊಂದು ಸೋಮವಾರ ಸೋಮವಾರಪೇಟೆಯ ಸಂತೆಗೆ ಹೋಗಿ ಅಂಗೈ ಅಗಲದ ಬೀಗ ತಂದ. ಮಗಳ ಹೆರಿಗೆಗೆ ತೊಟ್ಟಿಲು ಮಾಡಿಸಲು ಇಟ್ಟಿದ್ದ ಹಲಸಿನ ಹಲಗೆಗಳನ್ನು ಜೋಡಿಸಿ ಬಾವಿಗೆ ಮುಚ್ಚಳ ಮಾಡಿಸಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮಗುವಿಗೆ ಹಳೇ ಸೀರೆಯ ಜೋಳಿಗೆ ಸಾಕೆಂದು ತೀರ್ಮಾನವಾಯಿತು.

ಮಾರನೇ ಬೆಳಿಗ್ಗೆ ಪಕ್ಕದ ಮನೆಯ ನಿಂಗಮ್ಮ ಕೊಡ ಹಿಡಿದು ಬಂದು ಮುಚ್ಚಳ ನೋಡಿದಳು. ಸಿದ್ದರಾಜುವಿನ ಹೆಂಡತಿ, ಹದಿನಾಲ್ಕು ವರ್ಷದಿಂದ ಬೇಲಿಯ ಆಚೆಗಿದ್ದವಳು.

"ಗುರುವಣ್ಣ, ಇದೇನು, ಬಾವಿಗೂ ಬೀಗರು ಬಂದವ್ರಲ್ಲ! ಊಟ ಹಾಕಿದ್ರಾ?"

"ತಮಾಷೆ ಬ್ಯಾಡ ನಿಂಗಮ್ಮ. ನೀರು ಕೆಳಕ್ಕೋಗೈತೆ. ಮನೇಲಿ ಬಸುರಿ ಅವ್ಳೆ."

"ನಮ್ಮನೇಲಿ ಬಾಯಿ ಇರೋರೇ ಇಲ್ವೇನೋ."

"ಹೊಳೆ ಐತಲ್ಲ."

"ಹೊಳೆ ಐತೆ. ನಿಮ್ಮ ಮನೆಯವ್ರು ಒಂದ್ಸಲ ಹೋಗಿ ಬರ್ಲಿ, ದಾರಿ ತೋರಿಸ್ತೀನಿ" ಎಂದು ನಿಂಗಮ್ಮ ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಸಂಜೆಯೊಳಗೆ ಗುರುವಪ್ಪನಿಗೆ ಬೀಗಣ್ಣ ಎಂಬ ಹೆಸರು ಬಿತ್ತು. ಎದುರಿಗೆ ಯಾರೂ ಕರೆಯಲಿಲ್ಲ. ಬೀಗ ಯಾವತ್ತಾದರೂ ತೆಗೆದೀತು ಎಂಬ ಆಸೆ ಎಲ್ಲರಿಗೂ ಇತ್ತು.

ಮನೆಯೊಳಗೂ ಸುಖವಿರಲಿಲ್ಲ. ಹೆಂಡತಿ ಲಿಂಗಮ್ಮ ದಿನಾ ಬೆಳಿಗ್ಗೆ ಗಂಡನ ಉಡಿದಾರದ ಮುಂದೆ ನಿಂತು ಕೈ ಚಾಚಬೇಕಾಗಿತ್ತು. ಅವಳು ಎಂಟು ದಿನ ಹಾಗೆ ನಿಂತಳು. ಒಂಬತ್ತನೇ ದಿನದಿಂದ ಗಂಡನೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟು ಗೋಡೆಗೆ ಹೇಳತೊಡಗಿದಳು. "ಒಲೆ ಮೇಲೆ ಎಸರಿಡಬೇಕು, ನೀರಿಲ್ಲ" ಎಂದು ಗೋಡೆಗೆ ಹೇಳಿದರೆ ಗುರುವಪ್ಪ ಎದ್ದು ಬೀಗ ತೆಗೆಯುತ್ತಿದ್ದ. ಅವಳು ಸೇದುವಾಗ ಪಕ್ಕದಲ್ಲೇ ನಿಂತಿರುತ್ತಿದ್ದ. ಮೂರು ಕೊಡಕ್ಕೆ ಮುಚ್ಚಳ ಬೀಳುತ್ತಿತ್ತು.

ಆ ಮೂರರಲ್ಲೇ ಅವಳು ಒಂದಿಷ್ಟು ಬೇಲಿಯಾಚೆ ಸಾಗಿಸುತ್ತಿದ್ದಳು. ನಿಂಗಮ್ಮನ ಮನೆಗೆ ಮಜ್ಜಿಗೆ ಕೊಡುವುದು ಹಳೇ ರೂಢಿ. ಒಂದು ದಿನ ಗುರುವಪ್ಪನಿಗೆ ಅನುಮಾನ ಬಂದು ಚೊಂಬನ್ನು ತಡೆದು ಒಂದು ಗುಟುಕು ಕುಡಿದು ನೋಡಿದ.

"ಇದು ನೀರು."

"ಅವ್ರು ಕೊಡೋ ನೀರಲ್ಲಿ ಮಜ್ಜಿಗೆ ಇನ್ನೆಂಗಿರ್ತದೆ?" ಎಂದು ಲಿಂಗಮ್ಮ ಗೋಡೆಯನ್ನು ಕೇಳಿದಳು.

ಅಂದಿನಿಂದ ಮಜ್ಜಿಗೆ ನಿಂತಿತು. ನಿಂಗಮ್ಮ ಲಿಂಗಮ್ಮನನ್ನೂ ಮಾತಾಡಿಸುವುದನ್ನು ಬಿಟ್ಟಳು. ಕದ್ದು ಕೊಡುವವಳಿಗೆ ಇನ್ನೊಂದಿಷ್ಟು ಧೈರ್ಯವಾಗಿ ಕದಿಯಲಾಗಲಿಲ್ಲ ಎಂಬುದು ಅವಳ ಸಿಟ್ಟು.

ಮಗಳು ಚಿನ್ನಿ ಮಾರ್ಚ್ ನಡುವೆ ಗಂಡು ಮಗು ಹೆತ್ತಳು. ಹೆರಿಗೆ ಮಾಡಿಸಿದವಳು ಲೈನಿನ ಕಾಳಮ್ಮ. ಸುತ್ತಿನ ಮನೆಗಳಲ್ಲಿ ಮೂವತ್ತು ವರ್ಷದಿಂದ ಹುಟ್ಟಿದ ಮಕ್ಕಳೆಲ್ಲ ಮೊದಲು ಬಿದ್ದದ್ದು ಅವಳ ಕೈಗೆ. ಸೂತಕದ ದಿನಗಳಲ್ಲಿ ಅವಳು ಒಳಕೋಣೆಗೆ ಬರಬಹುದು, ಬಾಣಂತಿಯ ಬೆನ್ನು ತಿಕ್ಕಬಹುದು, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ಯಬಹುದು. ಅದಕ್ಕೆಲ್ಲ ಮೈಲಿಗೆಯಿಲ್ಲ. ಕೆಲಸ ಮುಗಿದ ಮೇಲೆ ಮೈಲಿಗೆ ವಾಪಸು ಬರುತ್ತಿತ್ತು. ಅವಳು ತನ್ನ ಮಣ್ಣಿನ ಗಡಿಗೆ ಹಿಡಿದು ಬೇಲಿಯ ಹೊರಗೆ ನಿಲ್ಲಬೇಕು. ಯಾರಾದರೂ ಮೇಲಿನಿಂದ ಹೊಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಬಾವಿಗೆ ಬೀಗ ಬಿದ್ದ ಮೇಲೆ ಇಲ್ಲ.

ಬಾಣಂತಿ ಸ್ನಾನಕ್ಕೆ ದಿನಕ್ಕೆ ಎರಡು ಹಂಡೆ ಬಿಸಿನೀರು ಬೇಕು. ಗುರುವಪ್ಪ ಐದನೇ ದಿನಕ್ಕೆ ಅದನ್ನು ಒಂದು ಹಂಡೆಗೆ ಇಳಿಸಿದ, ಹನ್ನೆರಡನೇ ದಿನಕ್ಕೆ ಅರ್ಧಕ್ಕೆ.

"ಗೌಡ್ರೇ, ಇದು ಬೆನ್ನು ನೆನೆಯಕ್ಕೂ ಆಗಲ್ಲ" ಎಂದಳು ಕಾಳಮ್ಮ ಬಚ್ಚಲಿನಿಂದ.

"ತಿಕ್ಕೋದು ಜಾಸ್ತಿ ಮಾಡು."

ಯುಗಾದಿಗೆ ಮನೆಯಲ್ಲಿ ಎಣ್ಣೆ ಸ್ನಾನ ಮಾಡಿದವನು ಅವನೊಬ್ಬನೇ. ಯಜಮಾನನಾದರೂ ತಲೆಗೆ ನೀರು ಹಾಕಿಕೊಳ್ಳದಿದ್ದರೆ ಹಬ್ಬದ ಗತಿಯೇನು ಎಂದು ಅವನೇ ಕೇಳಿ ಅವನೇ ಒಪ್ಪಿದ.

ಅವನು ತುಂಬ ಇಷ್ಟಪಟ್ಟ ಕಟ್ಟಳೆ ಇನ್ನೊಂದಿತ್ತು. ಹಸಿ ಬಾಣಂತಿಗೆ ನೀರು ಕುಡಿಸಬಾರದು, ಶೀತವಾಗುತ್ತದೆ ಎಂಬುದು. ಬಾಣಂತಿಗೆ ಬಾಯಾರಿದಾಗ ಮುದುಕಿಯರು ಕದ್ದುಮುಚ್ಚಿ ಅಷ್ಟಿಷ್ಟು ಬಿಸಿನೀರು ಕೊಡುತ್ತಿದ್ದರು. ಆ ಕಟ್ಟಳೆ ಹೀಗೆ ಮುರಿಯುತ್ತಲೇ ನಡೆದು ಬಂದಿತ್ತು. ಗುರುವಪ್ಪ ಅದನ್ನು ಚಾಚೂ ತಪ್ಪದೆ ನಡೆಸಿದ. ಮೆಣಸಿನ ಸಾರು, ಬಿಸಿ ಅನ್ನ, ಬೆಳ್ಳುಳ್ಳಿ, ದಿನಕ್ಕೆ ಅರ್ಧ ಲೋಟ ನೀರು. ಚಿನ್ನಿಯ ತುಟಿ ಬಿರಿಯಿತು. ಹಾಲು ಇಳಿಯಿತು. ಕೂಸು ಬಾಯಿ ಹಾಕಿ ಎಳೆದು, ಸಿಗದೆ, ಮುಖ ತಿರುಗಿಸಿ ಅಳುತ್ತಿತ್ತು. ಅದರ ತೊಡೆಯ ಚರ್ಮ ಸಡಿಲವಾಗತೊಡಗಿತು.

"ಕುಡಿಯಕ್ಕೇ ಇಲ್ದಿದ್ರೆ ಹಾಲೆಲ್ಲಿಂದ ಬತ್ತದೆ? ಹಸಕ್ಕೆ ಕಲಗಚ್ಚು ಇಡದೆ ಕರೀತೀರಾ?" ಎಂದಳು ಕಾಳಮ್ಮ.

"ಶಾಸ್ತ್ರ ಗೊತ್ತಿಲ್ದೋರು ಮಾತಾಡಬಾರ್ದು" ಎಂದ ಗುರುವಪ್ಪ.

ಇಪ್ಪತ್ತೊಂದನೇ ದಿನ ಗಂಗೆ ಪೂಜೆ ಬಂತು. ಬಾಣಂತಿ ಬಾವಿಗೆ ಅರಿಶಿನ ಕುಂಕುಮ ಹಚ್ಚಿ ಮೊದಲ ಕೊಡ ಸೇದುವುದು, ಅಲ್ಲಿಂದ ಮುಂದೆ ಅಡುಗೆಮನೆಯ ನೀರು ಮುಟ್ಟುವುದು. ಹಕ್ಕಲಿನ ಮನೆಗಳು ತಾವು ಬಿಟ್ಟು ಬಂದ ಊರುಗಳಿಂದ ಅದಕ್ಕೊಂದು ವಾಡಿಕೆಯನ್ನೂ ಹೊತ್ತು ತಂದಿದ್ದವು. ಕರೆದ ಮುತ್ತೈದೆಯರೆಲ್ಲ ತಮ್ಮ ಕೊಡ ತಂದು ಸೇದಿ ಮನೆಗೆ ಒಯ್ಯಬೇಕು. ಎಷ್ಟು ನೀರು ಮೇಲೆ ಬರುತ್ತದೋ ಬಾಣಂತಿಯ ಎದೆಯಲ್ಲಿ ಅಷ್ಟು ಹಾಲು. ಮನೆಯ ಯಜಮಾನ ಬಾವಿಯ ಬಳಿ ನಿಂತು ಪ್ರತಿ ಕೊಡಕ್ಕೂ "ಹೆಚ್ಚಲಿ" ಎನ್ನಬೇಕು. ಆ ದಿನ ಆ ಜಾಗದಲ್ಲಿ ಅವನು "ಸಾಕು" ಎನ್ನುವಂತಿಲ್ಲ.

ಅಂಗಳದಲ್ಲಿ ಒಂದು ತಂಬಿಗೆ ಇಟ್ಟು ಅದಕ್ಕೇ ಪೂಜೆ ಮಾಡಿ ಮುಗಿಸೋಣ ಎಂದು ಗುರುವಪ್ಪ ಹೇಳಿ ನೋಡಿದ. ಲಿಂಗಮ್ಮ ತಿಂಗಳ ಮೇಲೆ ಮೊದಲ ಬಾರಿಗೆ ಅವನ ಮುಖ ನೋಡಿ ಮಾತಾಡಿದಳು.

"ಕೂಸಿನ ತೊಡೆ ನೋಡಿದ್ದೀರಾ?"

ಅವನು ನೋಡಿರಲಿಲ್ಲ. ಆದರೆ ಲೆಕ್ಕ ಹಾಕಿದ. ಹಕ್ಕಲಿನ ಹೆಂಗಸರು ಅವನ ಅಂಗಳ ತುಳಿಯುವುದಿಲ್ಲ ಎಂದು ಆಡಿಕೊಂಡಿದ್ದು ಕಿವಿಗೆ ಬಿದ್ದಿತ್ತು. ಕರೆದರೂ ಬರುವವರು ಹೆಚ್ಚೆಂದರೆ ಮೂವರೋ ನಾಲ್ವರೋ. ಬಾರದಿದ್ದರೆ ತಪ್ಪು ಅವರದು. "ಒಂದು ಮನೇನೂ ಬಿಡಬ್ಯಾಡ. ಹನ್ನೊಂದು ಮನೆಗೂ ಕುಂಕುಮ ಇಟ್ಟು ಕರೆದು ಬಾ. ನಾವು ಸಣ್ಣವ್ರಾಗೋದು ಬ್ಯಾಡ" ಎಂದ. ಅವನ ಬಾಳಿನಲ್ಲಿ ಅಷ್ಟು ಉದಾರವಾದ ಮಾತು ಅದೊಂದೇ.

ಹನ್ನೊಂದು ಮನೆಯಿಂದಲೂ ಬಂದರು. ಅತ್ತೆ ಸೊಸೆ ಸೇರಿ ಹದಿನೇಳು ಜನ. ಕೊಡಗಳಷ್ಟೇ ಅಲ್ಲ, ಹಂಡೆ, ಕೊಳಗ, ಭತ್ತ ಬೇಯಿಸುವ ಕಡಾಯಿ. ಸಿದ್ದರಾಜುವಿನ ಮನೆಯಿಂದ ಜೋಡೆತ್ತಿನ ಗಾಡಿಯೇ ಬಂದು ಬೇಲಿಯ ಬಳಿ ನಿಂತಿತು. ಚಿನ್ನಿ ಕಟ್ಟೆಗೆ ಕುಂಕುಮ ಹಚ್ಚಿದಳು, ತಾಯಿ ಹಿಡಿದುಕೊಂಡ ಹಗ್ಗಕ್ಕೆ ಕೈ ಸೇರಿಸಿ ಮೊದಲ ಕೊಡ ಎಳೆದಳು, ತಲೆ ಸುತ್ತಿದಂತಾಗಿ ಒಳಗೆ ಹೋದಳು. ಲಿಂಗಮ್ಮ ಅವಳ ಹಿಂದೆ ಹೋದಳು.

"ಹೆಚ್ಚಲಿ" ಎಂದ ಗುರುವಪ್ಪ.

"ಗಟ್ಟಿಯಾಗಿ ಗುರುವಣ್ಣ, ಗಂಗಮ್ಮಂಗೆ ಕೇಳ್ಬೇಕಲ್ಲ" ಎಂದಳು ನಿಂಗಮ್ಮ ರಾಟೆಗೆ ಹಗ್ಗ ಹಾಕುತ್ತ.

"ಹೆಚ್ಚಲಿ."

ಹತ್ತನೇ ಕೊಡದ ಹೊತ್ತಿಗೆ ಅವನ ಹಣೆ ಬೆವರಿತು. ಇಪ್ಪತ್ತನೆಯದಕ್ಕೆ ದನಿ ಕೆಳಗಿಳಿಯಿತು. ಮೂವತ್ತು ದಾಟಿದಾಗ ಮುಚ್ಚಳದ ಮೇಲೆ ಕೈಯಿಟ್ಟು, "ಅವ್ವದೀರಾ, ಇನ್ನು..." ಎಂದ.

"ಇನ್ನು ಏನಣ್ಣ? ಸಾಕಾ? ಮಗಳ ಹಾಲು ಸಾಕಾ?"

ಹದಿನೇಳು ಜನ ಅವನ ಬಾಯನ್ನೇ ನೋಡಿದರು. ಅವನು ಕೈ ತೆಗೆದ. "ಹೆಚ್ಚಲಿ" ಎಂದ. ಯಾರೋ ಕಿಸಕ್ಕನೆ ನಕ್ಕರು. ಕಡಾಯಿ ತುಂಬಿತು, ಗಾಡಿ ತುಂಬಿತು, ಕೆಲವರು ಮನೆಗೆ ಹೋಗಿ ಸುರಿದು ಮತ್ತೆ ಬಂದರು. ನಲವತ್ತಾರು ಸಲ ಗುರುವಪ್ಪ ಹೆಚ್ಚಲಿ ಎಂದ. ನಲವತ್ತೇಳನೇ ಸಲ ಹಗ್ಗದ ತುದಿಗೆ ಬಗ್ಗಡ ಬಂತು.

ಇಷ್ಟು ಹೊತ್ತೂ ಕಾಳಮ್ಮ ಬೇಲಿಯ ಹೊರಗೆ ಎರಡು ಗಡಿಗೆ ಇಟ್ಟುಕೊಂಡು ನಿಂತಿದ್ದಳು. ಎರಡು ಸಲ ಕೇಳಿದಳು. "ತಡಿ ಕಾಳಮ್ಮ, ನಮ್ದೊಂದು ಮುಗೀಲಿ" ಎಂದಳು ನಿಂಗಮ್ಮ. ಆಮೇಲೆ ಇನ್ನೊಬ್ಬಳು ಅದನ್ನೇ ಅಂದಳು. ತಿಂಗಳಿಡೀ ಗುರುವಪ್ಪನ ಕಲ್ಲೆದೆಯ ಬಗ್ಗೆ ಮಾತಾಡಿದ ಹೆಂಗಸರು ಇವರೇ. ಅವರದು ಮುಗಿಯುವಾಗ ಬಾವಿಯೂ ಮುಗಿದಿತ್ತು. ಎಲ್ಲರೂ ನಗುತ್ತ ಹೋದರು. ಬೀಗಣ್ಣನಿಗೆ ಬುದ್ಧಿ ಕಲಿಸಿದ ಖುಷಿಯಲ್ಲಿ ಖಾಲಿ ಗಡಿಗೆಗಳು ಯಾರ ಕಣ್ಣಿಗೂ ಬೀಳಲಿಲ್ಲ. ಗುರುವಪ್ಪ ಮುಚ್ಚಳ ಎಳೆದು ಬೀಗ ಹಾಕಿದ. ಒಳಗೆ ಕೆಸರಿತ್ತು.

ಮಾರನೇ ದಿನ ಕಾಳಮ್ಮ ಸ್ನಾನ ಮಾಡಿಸಲು ಬರಲಿಲ್ಲ. ಸಿಟ್ಟಿನಿಂದಲ್ಲ. ಮನೆಯಲ್ಲಿ ಹನಿ ನೀರಿಲ್ಲದೆ ಹೊಳೆಗೆ ಹೋಗಿದ್ದಳು. ಎರಡು ಗಡಿಗೆ ಹೊತ್ತು ಬರುವುದರಲ್ಲಿ ಬೆಳಗ್ಗೆಯೆಲ್ಲ ಕಳೆದಿತ್ತು.

ನಲವತ್ತಾರು ಕೊಡಕ್ಕೆ ಬರಬೇಕಾಗಿದ್ದ ಹಾಲು ಬಂದಿರಲಿಲ್ಲ. ಕೂಸು ಅಳುವುದನ್ನೂ ನಿಲ್ಲಿಸಿತ್ತು. ಲಿಂಗಮ್ಮ ಅದಕ್ಕೇ ಹೆಚ್ಚು ಹೆದರಿದಳು. ಚಿನ್ನಿ ಅಪ್ಪನನ್ನು ನೀರು ಕೇಳಿದಳು.

"ಪೂಜೆ ಆಗೈತಲ್ಲ, ಹಾಲು ಬಂದೇ ಬತ್ತದೆ. ಎರಡು ದಿನ ತಡ್ಕೋ. ಬಾವೀಲಿ ರಾತ್ರಿಯೆಲ್ಲ ಸೇರಿ ನಾಲ್ಕು ಕೊಡ ನಿಂತದೆ ಅಷ್ಟೇ. ಅದೂ ಅಲ್ದೆ ಶೀತ."

ಅವನು ದನಗಳ ಕಡೆ ಹೋದ ಮೇಲೆ ಚಿನ್ನಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಕಿವಿಗೆ ಹತ್ತಿಯಿಲ್ಲ, ತಲೆಗೆ ಬಟ್ಟೆಯಿಲ್ಲ, ನೆತ್ತಿಯ ಮೇಲೆ ಬಿಸಿಲು. ಲಿಂಗಮ್ಮ ಬಾಗಿಲಲ್ಲಿ ಅಡ್ಡ ನಿಂತಳು, ಆಮೇಲೆ ಪಕ್ಕಕ್ಕೆ ಸರಿದಳು.

ಲೈನಿನ ಕೊನೆಯ ಮನೆ ಕಾಳಮ್ಮನದು. ಅವಳು ಆಗಷ್ಟೇ ಗಡಿಗೆ ಇಳಿಸಿ ಕೂತಿದ್ದಳು.

"ಅಯ್ಯೋ ಚಿನ್ನವ್ವ! ಹಸಿ ಬಾಣಂತಿ ಬಿಸ್ಲಲ್ಲಿ ಬಂದೀಯಲ್ಲೇ! ಗೌಡ್ರು ನೋಡುದ್ರೆ ನನ್ನ ಸಿಗಿದಾಕ್ತಾರೆ."

"ನೀರು ಕೊಡು."

"ನಮ್ಮನೇದಾ?"

"ಕೊಡು ಅಂದೆ ಕಾಳವ್ವ."

ಕಾಳಮ್ಮ ಒಂದು ಕ್ಷಣ ಅವಳನ್ನೂ ಕೂಸನ್ನೂ ನೋಡಿದಳು. ನೀರು ಕಾಯಿಸಿದಳು, ಚೊಂಬಿನಿಂದ ಚೊಂಬಿಗೆ ಸುರಿದು ಆರಿಸಿದಳು. "ಒಂದೇ ಸಲ ಗುಟುಕರಿಸಬ್ಯಾಡ. ಚೆಲ್ಲಲೂಬ್ಯಾಡ, ಕುತ್ಗೆ ಮುರ್ಕೊಂಡು ತಂದಿದ್ದು." ಚಿನ್ನಿ ಎರಡು ಚೊಂಬು ಕುಡಿದು ಗೋಡೆಗೆ ಒರಗಿದಳು. ಅರ್ಧ ಗಂಟೆ ಕೂತು ಇನ್ನೊಂದು ಅರ್ಧ ಚೊಂಬು ಕುಡಿದಳು.

ಲೈನಿನ ಹಿಂದೆ ಸೌದೆ ಆರಿಸುತ್ತಿದ್ದ ನಿಂಗಮ್ಮ ಇದನ್ನು ನೋಡಿದಳು. ಚಿನ್ನಿ ಮನೆಗೆ ಮರಳುವಷ್ಟರಲ್ಲಿ ಸಿದ್ದರಾಜು, ನಿಂಗಮ್ಮ, ಇನ್ನೂ ನಾಲ್ಕಾರು ಜನ ಗುರುವಪ್ಪನ ಅಂಗಳದಲ್ಲಿದ್ದರು. ಗುರುವಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಅವನ ಮುಖ ಕೆಂಪಾಗಿತ್ತು. ಮಗಳು ಲೈನಿನ ನೀರು ಕುಡಿದಿದ್ದಾಳೆ. ಅವನ ಮಟ್ಟಿಗೆ ಇದು ಕೂಸು ಸೊರಗುವುದಕ್ಕಿಂತ ದೊಡ್ಡ ಸಂಗತಿ.

"ಒಳಕ್ಕೆ ಕಾಲಿಡಬ್ಯಾಡ" ಎಂದ.

"ಶುದ್ಧಿ ಆಗ್ಬೇಕು ಗುರುವಣ್ಣ, ತಡ ಮಾಡಬಾರ್ದು" ಎಂದ ಸಿದ್ದರಾಜು. "ಮನೆಯೆಲ್ಲ ತೊಳೆದು ಸಾರಿಸ್ಬೇಕು. ಪಾತ್ರೆ ಪಡಗ ಬೆಳಗ್ಬೇಕು. ಮನೆಯೋರೆಲ್ಲ ತಲೆ ಮೇಲೆ ನೀರು ಹಾಕ್ಕೋಬೇಕು, ಮಗಳು, ಕೂಸು, ಎಲ್ಲಾ."

"ಎಷ್ಟು ನೀರು ಬೇಕಾಯ್ತದೆ?"

"ಹತ್ತು ಕೊಡಕ್ಕೆ ಕಮ್ಮಿ ಆಗಲ್ಲ."

ಗುರುವಪ್ಪ ಬಾವಿಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಉಡಿದಾರದ ಬೀಗದ ಕೈಯನ್ನು ಮುಟ್ಟಿಕೊಂಡ. ಮುಖದ ಕೆಂಪು ಮೆಲ್ಲಗೆ ಇಳಿಯಿತು.

"ಅವಳು ಕುಡಿದದ್ದು ನೀರೇ ಅಂತ ಯಾರು ಹೇಳಿದ್ದು?" ಎಂದ.

"ನಾನೇ ನೋಡ್ದೆ" ಎಂದಳು ನಿಂಗಮ್ಮ.

"ಕಾಳಮ್ಮ ಸೂಲಗಿತ್ತಿ. ಕಷಾಯ ಗಿಷಾಯ ಕೊಟ್ಟಿರ್ತಾಳೆ. ಔಷಧಿಗೆ ಮೈಲಿಗೆ ಇಲ್ಲ."

"ಔಷಧಿ ಅಲ್ಲ ಅಪ್ಪ" ಎಂದಳು ಚಿನ್ನಿ. "ನೀರು. ಎರಡೂವರೆ ಚೊಂಬು."

"ಔಷಧಿ" ಎಂದ ಗುರುವಪ್ಪ ಮಗಳ ಕಡೆ ನೋಡದೆ. ಆಮೇಲೆ ಸಿದ್ದರಾಜುವಿನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ನಿಂಗಮ್ಮನ್ನ ಕಳಿಸು. ಒಂದು ಕೊಡ ತಗೊಂಡೋಗ್ಲಿ" ಎಂದ.

ಸಿದ್ದರಾಜು ಹೆಂಡತಿಯ ಮುಖ ನೋಡಿದ. ನಿಂಗಮ್ಮ ಕಣ್ಣು ಕಿರಿದು ಮಾಡಿ ಲೈನಿನ ಕಡೆ ನೋಡಿದಳು.

"ದೂರದಿಂದ ನೋಡಿದ್ದು" ಎಂದಳು. "ಕಷಾಯನೇ ಇರ್ಬೇಕು. ಹೊಗೆ ಆಡ್ತಿತ್ತು."

ಉಳಿದವರೂ ಹಾಗೇ ಇರಬೇಕು ಎಂದರು. ಮೂಡ್ಲಹಕ್ಕಲಿನ ಕುಲಾಚಾರದ ಬೆಲೆ ಆ ಮಧ್ಯಾಹ್ನ ಒಂದು ಕೊಡ ನೀರಿಗೆ ನಿಂತಿತು. ಅದೂ ಮಾರನೇ ದಿನ ಕೊಡುವುದು. ಚಿನ್ನಿ ಅಪ್ಪನನ್ನು ದಾಟಿಕೊಂಡು ಒಳಗೆ ಹೋದಳು.

ಮಳೆ ಬೀಳಲು ಇನ್ನೂ ಹದಿನಾರು ದಿನ ಹಿಡಿಯಿತು. ಕಾಳಮ್ಮ ಹೊಳೆಗೆ ಎರಡು ಸರ್ತಿ ಹೋಗತೊಡಗಿದಳು. ಎರಡನೆಯದು ಯಾರಿಗೆಂದು ಕೇಳಿದವರಿಗೆ ದಾರಿ ಬಿಡಿ ಎಂದಳು. ದಿನಾ ಮಧ್ಯಾಹ್ನ ಚಿನ್ನಿ ಕೂಸನ್ನೆತ್ತಿಕೊಂಡು ಲೈನಿಗೆ ಹೋಗಿ ನೀರು ಕುಡಿದು, ಅಲ್ಲೇ ಕೂತು ಹಾಲೂಡಿಸಿ ಬರುತ್ತಿದ್ದಳು. ನಾಲ್ಕನೇ ದಿನಕ್ಕೆ ಎದೆ ತುಂಬಿತು. ವಾರಕ್ಕೆ ಕೂಸು ಹಾಲು ಕಕ್ಕುವಷ್ಟು ಕುಡಿಯಿತು. ಅವಳು ಅಂಗಳ ದಾಟುವ ಹೊತ್ತಿಗೆ ಸರಿಯಾಗಿ ಗುರುವಪ್ಪ ಹಿತ್ತಿಲಿಗೆ ಹೋಗಿ, ಲೈನಿನ ಕಡೆಗೆ ಬೆನ್ನು ಮಾಡಿ, ಏನೂ ಆಗಿಲ್ಲದ ಬೇಲಿಯನ್ನು ನೋಡುತ್ತ ನಿಲ್ಲುತ್ತಿದ್ದ.